ಹೌಸ್, ಟೆಕ್ನೋ, ತಮಟೆ: ಟಿಪ್ಪಣಿಯಲ್ಲಿ ಜನಾಂಗದ ಮಾತು ಬೇಕೋ ಬೇಡವೋ?

ಕುಕ್ಕರಹಳ್ಳಿ_ಕಿಕ್

ಮುಂದಿನ ಆಲಿಕೆ ಸಂಜೆಗೆ ಬರುವ ಹೊಸಬರಿಗೆ ಎರಡು ಪುಟದ ಟಿಪ್ಪಣಿ ಹಂಚಬೇಕು. ಒಂದನೇ ಪುಟ ಹೌಸ್ ಮತ್ತು ಟೆಕ್ನೋ ಅನ್ನೋ ಎಲೆಕ್ಟ್ರಾನಿಕ್ ಕುಣಿತದ ಸಂಗೀತ ಎಲ್ಲಿಂದ ಬಂತು ಅನ್ನೋದು. ಎರಡನೇ ಪುಟ ಮಂಡ್ಯ ಸೀಮೆಯ ತಮಟೆ ಸ್ಯಾಂಪಲ್ ಪ್ಯಾಕ್‌ನ (ಬೇರೆಯವರು ತಮ್ಮ ಹಾಡಿಗೆ ಬಳಸೋಕೆ ಮಾರುವ ಲೂಪ್‌ಗಳ, ಅಂದರೆ ಮತ್ತೆ ಮತ್ತೆ ಸುತ್ತುವ ಧ್ವನಿತುಣುಕುಗಳ ಕಟ್ಟಿನ) ಪರಿಚಯ. ಕರಡಿನ ಮೊದಲ ಸಾಲು: "ಹೌಸ್ ಮತ್ತು ಟೆಕ್ನೋ ಸಂಗೀತವನ್ನು ಕಟ್ಟಿದವರು ಷಿಕಾಗೊ, ಡೆಟ್ರಾಯಿಟ್ ನಗರಗಳ ಕಪ್ಪು ಜನ." ಈ ಸಾಲು ತೆಗೆಯಿರಿ ಅಂತ ಕೆಲವರು, ತೆಗೆದರೆ ನಾವು ಕೈ ಹಾಕಲ್ಲ ಅಂತ ಕೆಲವರು ಹೇಳ್ತಿದ್ದಾರೆ. ಅಚ್ಚಿಗೆ ಹೋಗೋ ಮುಂಚೆ ಇಲ್ಲಿ ತೀರ್ಮಾನ ಆಗಲಿ. ದಯವಿಟ್ಟು ಅಭಿಪ್ರಾಯದ ಜೊತೆ ವಿವರ ಕೊಡಿ.

ಮದ್ದೂರು_ಮಿಕ್ಸ್

ತೆಗೀಬೇಕು ಅನ್ನೋರಲ್ಲಿ ನಾನೂ ಒಬ್ಬ. ಯಾರ ಮೇಲೂ ದ್ವೇಷ ಇಟ್ಕೊಂಡು ಹೇಳ್ತಿಲ್ಲ. ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡದವರು 70ರ ದಶಕದಲ್ಲೇ ಯಂತ್ರದ ಲಯ ಕಟ್ಟಿದ್ದರು. 1977ರಲ್ಲಿ ಇಟಲಿಯ ಜಾರ್ಜಿಯೊ ಮೊರೊಡರ್ ಹೆಚ್ಚುಕಡಿಮೆ ಪೂರ್ತಿ ಸಿಂತಸೈಜರ್ ಮೇಲೆ ಡಿಸ್ಕೊ ಹಾಡು ನಿಲ್ಲಿಸಿದ. ಡ್ರಮ್ ಮಷಿನ್ ಮಾಡಿದ್ದು ಜಪಾನಿನ ರೋಲಾಂಡ್. ಇಷ್ಟೆಲ್ಲ ದೇಶದ ಕೈ ಸೇರಿರೋವಾಗ ಒಂದು ಬಣ್ಣದ ಹೆಸರಿಗೆ ಬರೆದುಕೊಡೋದು ಹೇಗೆ ನ್ಯಾಯ? ಕುಣಿಯೋಕೆ ಬಂದೋರ ಕೈಗೆ ಜನಾಂಗದ ಲೆಕ್ಕ ಕೊಟ್ಟರೆ ಇರೋ ಒಗ್ಗಟ್ಟೂ ಹೋಗುತ್ತೆ.

ಹಳೇ_ಕ್ಯಾಸೆಟ್

ಮದ್ದೂರಣ್ಣ, ಕ್ರಾಫ್ಟ್‌ವರ್ಕ್ ಋಣವನ್ನು ಡೆಟ್ರಾಯಿಟ್‌ನವರು ಯಾವತ್ತೂ ಮುಚ್ಚಿಟ್ಟಿಲ್ಲ. ಟೆಕ್ನೋ ಶುರುಮಾಡಿದವರಲ್ಲೊಬ್ಬರಾದ ಹ್ವಾನ್ ಆಟ್ಕಿನ್ಸ್ ತಾನೇ ಬಾಯಿಬಿಟ್ಟು ಹೇಳಿದ್ದಾರೆ. ಆದರೆ ಪ್ರಭಾವ ಕೊಟ್ಟವರು ಬೇರೆ, ಪ್ರಕಾರವನ್ನ ಕಟ್ಟಿದವರು ಬೇರೆ. ಮೊರೊಡರ್ ಹಾಡಿಗೆ ದನಿ ಕೊಟ್ಟವರು ಡಾನ ಸಮರ್, ಅವರು ಆಫ್ರಿಕನ್-ಅಮೆರಿಕನ್ ಗಾಯಕಿ. ಆ ಹೆಸರು ನಿಮ್ಮ ಪಟ್ಟಿಯಲ್ಲಿ ಬಿಟ್ಟುಹೋಗಿದೆ. ಹೆಸರುಗಳು ಬಿಟ್ಟುಹೋಗೋದು ಹೀಗೇ.

ಇನ್ನು ಷಿಕಾಗೊ. 1977ರಲ್ಲಿ ಶುರುವಾದ ವೇರ್‌ಹೌಸ್ ಕ್ಲಬ್ಬಿನಲ್ಲಿ ಫ್ರ್ಯಾಂಕಿ ನಕಲ್ಸ್ ರೆಕಾರ್ಡ್ ನುಡಿಸುತ್ತಿದ್ದರು. ಅಲ್ಲಿ ಬರುತ್ತಿದ್ದವರು ಹೆಚ್ಚಾಗಿ ಕಪ್ಪು ಮತ್ತು ಲ್ಯಾಟಿನೊ ಯುವಕರು, ಅದರಲ್ಲೂ ಬಹಳ ಮಂದಿ ಸಲಿಂಗಿಗಳು. ಹೌಸ್ ಅನ್ನೋ ಹೆಸರೇ ಆ ಕ್ಲಬ್ಬಿನದು ಅಂತ ಸಾಮಾನ್ಯವಾಗಿ ಹೇಳ್ತಾರೆ.

ಅದೇ ಊರಿನಲ್ಲಿ 1979ರ ಜುಲೈ 12ರಂದು ಕಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೊ ರೆಕಾರ್ಡುಗಳನ್ನ ರಾಶಿ ಹಾಕಿ ಸಿಡಿಸಿದರು. ಒಂದು ರೆಕಾರ್ಡ್ ತಂದರೆ 98 ಸೆಂಟ್‌ಗೆ ಪ್ರವೇಶ. ಜನ ಮೈದಾನಕ್ಕೆ ನುಗ್ಗಿ ಎರಡನೇ ಪಂದ್ಯ ನಡೆಯಲೇ ಇಲ್ಲ. ಆ ದಿನ ಅಲ್ಲಿ ಪ್ರೇಕ್ಷಕರಿಗೆ ಜಾಗ ತೋರಿಸುವ ಕೆಲಸದಲ್ಲಿದ್ದ ಕಪ್ಪು ಹುಡುಗ ವಿನ್ಸ್ ಲಾರೆನ್ಸ್. ಜನ ತಂದಿದ್ದ ರಾಶಿಯಲ್ಲಿ ಡಿಸ್ಕೊ ಅಲ್ಲದ ಕಪ್ಪು ಕಲಾವಿದರ ರೆಕಾರ್ಡುಗಳೂ ಇದ್ದವು ಅಂತ ಆತ ಮುಂದೆ ಹೇಳಿದ್ದಾರೆ. 1984ರಲ್ಲಿ ಜೆಸ್ಸಿ ಸಾಂಡರ್ಸ್ ಜೊತೆ ಸೇರಿ ಮೊದಮೊದಲ ಹೌಸ್ ರೆಕಾರ್ಡ್ "ಆನ್ ಅಂಡ್ ಆನ್" ಮಾಡಿದ್ದೂ ಆ ಹುಡುಗನೇ. ಈ ಎರಡು ದಿನಾಂಕ ಅಕ್ಕಪಕ್ಕ ಇಟ್ಟರೆ ಸಾಕು, ಬಣ್ಣದ ಮಾತನ್ನ ನಾವು ಹೊರಗಿಂದ ತಂದು ಅಂಟಿಸಬೇಕಾಗಿಲ್ಲ.

ಡೆಟ್ರಾಯಿಟ್‌ಗೆ ಒಂದು ಸಾಲು: 1988ರಲ್ಲಿ ಬ್ರಿಟನ್‌ನಲ್ಲಿ ಬಂದ ಡೆಟ್ರಾಯಿಟ್ ಹಾಡುಗಳ ಸಂಕಲನಕ್ಕೆ ಮೊದಲು ಯೋಚಿಸಿದ್ದ ಹೆಸರಿನಲ್ಲಿ ಹೌಸ್ ಅಂತಲೇ ಇತ್ತು. ಆಟ್ಕಿನ್ಸ್ ಕೊಟ್ಟ ಟ್ರ್ಯಾಕಿನಿಂದ ಅದು ಟೆಕ್ನೋ ಅಂತ ಬದಲಾಯಿತು. ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಮೂವರೂ ಬೆಲ್‌ವಿಲ್ ಶಾಲೆಯ ಕಪ್ಪು ಹುಡುಗರು. ಮುಂದೆ ಯುರೋಪಿನಲ್ಲಿ ಟೆಕ್ನೋ ಹರಡಿದಂತೆ ಅವರ ಊರಿನ ಹೆಸರು ಹಿಂದೆ ಸರಿಯಿತು. ಡೆಟ್ರಾಯಿಟ್‌ನದೇ ಟೆಕ್ನೋ ತಂಡ ಅಂಡರ್‌ಗ್ರೌಂಡ್ ರೆಸಿಸ್ಟೆನ್ಸ್‌ನವರು ಮುಖ ಮುಚ್ಚಿಕೊಂಡು, ಲೇಬಲ್ಲನ್ನೂ ವಿತರಣೆಯನ್ನೂ ತಮ್ಮ ಕೈಯಲ್ಲೇ ಇಟ್ಟುಕೊಂಡರು. ಅದಕ್ಕೆ ಕಾರಣ ಶೋಕಿ ಅಂತ ಯಾರೂ ತಿಳ್ಕೋಬಾರದು.

ಸಿಂತ್_ಸರಸ್ವತಿಪುರಂ

ಯಂತ್ರ ಜಪಾನಿನದು ಅನ್ನೋ ವಾದಕ್ಕೆ ಉತ್ತರ ಯಂತ್ರದ ಒಳಗೇ ಇದೆ.

ರೋಲಾಂಡಿನ ಡ್ರಮ್ ಮಷಿನ್ ಟಿಆರ್-808 ತಯಾರಾಗಿದ್ದು 1980ರಿಂದ 1983, ಸುಮಾರು 12,000. ಇನ್ನೊಂದು ಡ್ರಮ್ ಮಷಿನ್ ಟಿಆರ್-909 1983ರಿಂದ ಒಂದೆರಡು ವರ್ಷದಲ್ಲಿ ಸುಮಾರು 10,000. ಬೇಸ್ ಸಿಂತ್ ಟಿಬಿ-303ನೂ 1984ಕ್ಕೆ ನಿಂತುಹೋಯಿತು. ಮೂರೂ ಮಾರುಕಟ್ಟೆಯಲ್ಲಿ ಸೋತ ಸರಕು. 303 ಮಾಡಿದ್ದು ಬೇಸ್ ಗಿಟಾರ್ ನುಡಿಸೋರಿಲ್ಲದಾಗ ಜೊತೆಗೆ ಇಟ್ಟುಕೊಳ್ಳಲಿ ಅಂತ. ಬೇಸ್ ಗಿಟಾರಿನಂತೆ ಅದು ಕೇಳಲೇ ಇಲ್ಲ, ಸ್ವರ ಒಂದು ಕಡೆ, ಕಾಲ ಒಂದು ಕಡೆ ಬೇರೆಬೇರೆ ತುಂಬಬೇಕು, ತುಂಬಿದ್ದು ಮುಂದೇನಾಗುತ್ತೆ ಅಂತ ಗೊತ್ತಾಗಲ್ಲ. ಹಾಗಾಗಿ ಸೆಕೆಂಡ್ ಹ್ಯಾಂಡ್ ಅಂಗಡಿಗೆ ಬಿತ್ತು, ಕಾಸಿಲ್ಲದ ಹುಡುಗರ ಕೈಗೆ ಸಿಕ್ಕಿತು. ಷಿಕಾಗೊದ ಫ್ಯೂಚರ್ ತಂಡ 1987ರಲ್ಲಿ "ಆಸಿಡ್ ಟ್ರ್ಯಾಕ್ಸ್" ಹೊರತಂದಾಗ ಅವರು ಮಾಡಿದ ಹೊಸ ಕೆಲಸ ಇಷ್ಟು: ಲೂಪ್ ಓಡುತ್ತಿರುವಾಗಲೇ ಕಟಾಫ್, ರೆಸೊನೆನ್ಸ್ ಗುಂಡಿಗಳನ್ನ (ದನಿ ಎಷ್ಟು ತೆರೆದಿರಬೇಕು, ಎಷ್ಟು ಮೊನಚಾಗಿರಬೇಕು ಅನ್ನೋದಕ್ಕೆ) ತಿರುಗಿಸೋದನ್ನೇ ಸಂಗೀತ ಮಾಡಿದರು, ಅದೇ ಆಸಿಡ್ ಹೌಸ್.

ಆಲಿಕೆ ಸಂಜೆಯಲ್ಲಿ ಇದನ್ನ ತೋರಿಸಿ, ಹೇಳೋದಕ್ಕಿಂತ ಬೇಗ ತಲುಪುತ್ತೆ. 303 ಮಾದರಿಯ ಯಾವ ಪ್ಲಗಿನ್ ಆದರೂ ಸರಿ. 120 ಬಿಪಿಎಂ (ನಿಮಿಷಕ್ಕೆ ಬಡಿತ), 16 ಹೆಜ್ಜೆ, ಸಾ-ಟೂತ್ ಅಲೆ. ಮೂರು ಸ್ವರ ಸಾಕು. 4, 8, 15ನೇ ಹೆಜ್ಜೆಗೆ ಸ್ಲೈಡ್ (ಸ್ವರದಿಂದ ಸ್ವರಕ್ಕೆ ಜಾರು), 3 ಮತ್ತು 11ಕ್ಕೆ ಆಕ್ಸೆಂಟ್ (ಒತ್ತು). ರೆಸೊನೆನ್ಸ್ ಮುಕ್ಕಾಲು ಭಾಗಕ್ಕೆ ಏರಿಸಿ, ಕಟಾಫ್ ತಳದಿಂದ 32 ಬಾರ್‌ಗಳಲ್ಲಿ ನಿಧಾನ ತೆರೆಯಿರಿ. ಇದನ್ನ ತೋರಿಸಿ "ಈ ಬಳಕೆ ಕಂಡುಹಿಡಿದವರು ಇವರು" ಅಂತ ಹೆಸರು ಹೇಳಿ.

ಮದ್ದೂರು_ಮಿಕ್ಸ್

ಮೇಡಂ, ಹಾಗಾದ್ರೆ ಚರಣ್‌ಜಿತ್ ಸಿಂಗ್? 1982ರಲ್ಲೇ ಮುಂಬೈನಲ್ಲಿ 303, 808, ಜುಪಿಟರ್-8 ಇಟ್ಕೊಂಡು ಹತ್ತು ರಾಗಗಳನ್ನ ಡಿಸ್ಕೊ ಲಯದ ಮೇಲೆ ನುಡಿಸಿದ್ರು. ಷಿಕಾಗೊಗಿಂತ ಐದು ವರ್ಷ ಮುಂಚೆ. ಆಸಿಡ್ ನಮ್ಮದು ಅಂತ ಯಾಕೆ ಬರೀಬಾರದು?

ಸಿಂತ್_ಸರಸ್ವತಿಪುರಂ

ಅವರ ಹೆಸರು ಟಿಪ್ಪಣಿಯಲ್ಲಿ ಖಂಡಿತ ಇರಲಿ, ಗೌರವದಿಂದ ಇರಲಿ. 303ರ ಸ್ಲೈಡನ್ನ ಅವರು ಮೀಂಡ್‌ಗೆ ಬಳಸಿದ್ದು ಕೇಳಿದರೆ ಮೈ ಜುಮ್ಮೆನ್ನುತ್ತೆ. ಆದರೆ ಆ ರೆಕಾರ್ಡ್ ಆಗ ಹೆಚ್ಚು ಮಾರಾಟವಾಗಲಿಲ್ಲ, ಹೊರಗಿನವರ ಕಿವಿಗೆ ಬಿದ್ದದ್ದು 2010ರ ಮರುಬಿಡುಗಡೆಯ ನಂತರ. ಷಿಕಾಗೊದವರು ಅದನ್ನ ಕೇಳಿ ಮಾಡಿದರು ಅನ್ನೋದಕ್ಕೆ ಆಧಾರವಿಲ್ಲ. ಒಂದೇ ಯಂತ್ರದಿಂದ ಇಬ್ಬರು ಎರಡು ದಾರಿ ಹಿಡಿದರು. ಸಿಂಗ್ ಅವರನ್ನ ಮೆರೆಸೋಕೆ ಇನ್ನೊಬ್ಬರನ್ನ ಕೆಳಗಿಳಿಸಬೇಕಾಗಿಲ್ಲ.

ನಾಲೆ_ಏರಿ

ಒಂದನೇ ಪುಟಕ್ಕೆ ಇಷ್ಟೊತ್ತು ಮಾತಾಡ್ದಿರಿ, ಸಂತೋಷ. ಎರಡನೇ ಪುಟ ಯಾರಾದ್ರೂ ಓದಿದ್ರಾ? ಕರಡಲ್ಲಿ ಹಿಂಗೈತೆ: "ಮಂಡ್ಯದ ಮಣ್ಣಿನ ಸೊಗಡಿನ ಜಾನಪದ ತಮಟೆ, 120 ಲೂಪ್‌ಗಳು, ಹಕ್ಕುಮುಕ್ತ." ಬಾರಿಸ್ದೋರು ನಾಕು ಜನ. ಒಬ್ಬರ ಹೆಸರೂ ಇಲ್ಲ. ಮೈಕ್ ಯಾವ್ದು, ಇಂಟರ್‌ಫೇಸ್ ಯಾವ್ದು, ಮಾಸ್ಟರಿಂಗ್ ಯಾರ್ ಮಾಡಿದ್ರು ಎಲ್ಲ ಐತೆ.

ಡೆಟ್ರಾಯಿಟಿನ ಕಪ್ಪು ಜನದ ಹೆಸರು ಇರಲೇಬೇಕು ಅಂತ ಹಟ ಹಿಡಿಯೋ ನಾವು, ಮೂವತ್ತು ಕಿಲೋಮೀಟರ್ ಆಚೆಯ ತಮಟೆಯೋರ ಹೆಸರು "ಮಣ್ಣಿನ ಸೊಗಡು" ಅಂತ ಮುಗಿಸಿದ್ರೆ ಒಂದನೇ ಪುಟಕ್ಕೆ ಬೆಲೆ ಇಲ್ಲ. ತಮಟೆ ಯಾರ ಹೆಗಲ ಮೇಲಿತ್ತು, ಯಾಕಿತ್ತು ಅನ್ನೋದು ಈ ಸೀಮೇಲಿ ಎಲ್ಲರ್ಗೂ ಗೊತ್ತು. ಸಾವಿಗೆ, ಸಾರೋದಕ್ಕೆ, ಮಾರಿಹಬ್ಬಕ್ಕೆ ಬಡೀಬೇಕು ಅಂತ ದಲಿತ ಕೇರಿಗೆ ಹೊರಿಸಿದ್ದ ಚಾಕರಿ ಅದು. ಇನ್ನು ಬಡಿಯಲ್ಲ ಅಂತ ತಮಟೆ ಕೆಳಗಿಟ್ಟೋರೂ ಅವ್ರೆ, ಇದು ನಮ್ಮ ಕಲೆ ಅಂತ ಎತ್ಕೊಂಡೋರೂ ಅವ್ರೆ. ಎರಡೂ ಹೋರಾಟವೇ. ಸ್ಯಾಂಪಲ್ ತಗೊಳ್ಳೋನು ಇದು ತಿಳ್ಕೊಂಡಿರ್ಬೇಕು.

ಮದ್ದೂರು_ಮಿಕ್ಸ್

ಹೆಸರು ಹಾಕ್ಲೇಬೇಕು, ಅದರಲ್ಲಿ ನನ್ನ ತಕರಾರಿಲ್ಲ. ನನ್ನ ತಕರಾರು ಅಮೆರಿಕದ ಜನಾಂಗಭೇದವನ್ನೂ ನಮ್ಮ ಜಾತಿಯನ್ನೂ ಒಂದೇ ತಕ್ಕಡೀಲಿ ಹಾಕೋದಕ್ಕೆ. ಎರಡೂ ಒಂದೇ ಅಂದ್ರೆ ಎರಡೂ ಅರ್ಥ ಆಗಲ್ಲ.

ಹಳೇ_ಕ್ಯಾಸೆಟ್

ಈ ಮಾತು ಸರಿ, ಟಿಪ್ಪಣಿಯಲ್ಲಿ ಹೋಲಿಕೆ ಬೇಡ. ಅಲ್ಲಿ ಗುಲಾಮಗಿರಿ, ವಸತಿ ಬೇರ್ಪಡಿಕೆ, ಕಾರು ಕಾರ್ಖಾನೆ ಮುಚ್ಚಿ ಬರಿದಾದ ನಗರ. ಇಲ್ಲಿ ಹುಟ್ಟಿನಿಂದ ಕಸುಬು, ಕೇರಿ, ಮುಟ್ಟಬಾರದು ಅನ್ನೋ ಕಟ್ಟಳೆ. ಒಂದೊಂದನ್ನೂ ಅದರದರ ವಿವರದಲ್ಲೇ ಬರೆಯೋಣ. ಎರಡು ಪುಟ ಒಂದೇ ಹಾಳೆಯಲ್ಲಿದ್ದರೆ ಓದುವವರು ತಾವೇ ನೋಡಿಕೊಳ್ಳುತ್ತಾರೆ.

ತಮಟೆ ಬಗ್ಗೆ ಒಂದು ಸಾಲು ಸೇರಿಸಿ: ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ತಮಟೆ ವಾದನಕ್ಕಾಗಿ ಪದ್ಮಶ್ರೀ ಸಿಕ್ಕಿದೆ. ಹೆಸರಿಲ್ಲದ "ಜಾನಪದ" ಅಂತ ಬರೆಯೋಕೆ ಇನ್ನು ಯಾವ ನೆಪವೂ ಉಳಿದಿಲ್ಲ.

ಕುಕ್ಕರಹಳ್ಳಿ_ಕಿಕ್

ಪ್ಯಾಕ್ ಇನ್ನೂ ಹೊರಬಂದಿಲ್ಲ, ತಡೆಹಿಡಿಯೋಣ. ಏರಿ ಅಣ್ಣ, ಮತ್ತೆ ರೆಕಾರ್ಡ್ ಮಾಡೋದಾದರೆ ಹೇಗೆ, ಏನೇನು ಬರೆದಿಡಬೇಕು, ಪೂರ್ತಿ ಹೇಳಿ.

ನಾಲೆ_ಏರಿ

ರೆಕಾರ್ಡಿಂಗ್ ಮೊದಲು.

ಚರ್ಮದ ತಮಟೇನಾ ಫೈಬರ್ ತಮಟೇನಾ ನೋಡ್ಕಳಿ. ಫೈಬರಿಗೆ ಬೆಂಕಿ ಬೇಡ, ದನಿ ದಿನವಿಡೀ ಒಂದೇ ಥರ. ಚರ್ಮದ್ದನ್ನ ಹುಲ್ಲಿನ ಬೆಂಕಿಗೆ ಹಿಡಿದು ಬಿಗಿ ಮಾಡ್ತಾರೆ, ಆರ್ತಾ ಆರ್ತಾ ಸ್ವರ ಇಳೀತದೆ. ನಾಲೆ ಬಯಲಲ್ಲಿ ಸಂಜೆ ತಂಪಿಗೆ ಇನ್ನೂ ಬೇಗ. ಹಂಗಾಗಿ ಒಂದೊಂದು ಟೇಕ್ ಶುರುವಲ್ಲೂ ಬಿಡಿ ಪೆಟ್ಟು ನಾಕು ತಗಳಿ. ಆಮೇಲೆ ಟೇಕ್‌ಗಳನ್ನ ಸ್ವರಕ್ಕೆ ಹೊಂದಿಸೋಕೆ ಅದೇ ಅಳತೆ. ಕಾಯಿಸೋಕೆ ಬಿಡುವು ಕೊಡ್ದೆ "ಇನ್ನೊಂದ್ ಟೇಕ್, ಇನ್ನೊಂದ್ ಟೇಕ್" ಅಂದ್ರೆ ಕೊನೇ ಲೂಪ್‌ಗಳೆಲ್ಲ ಸೊರಗಿರ್ತವೆ.

ಕೋಣೆ ಒಳಗೆ ಬೇಡ, ಗೋಡೆ ಹೊಡೆತ ಜಾಸ್ತಿ. ಬಯಲು ಅಥವಾ ದೊಡ್ಡ ಛತ್ರ. ಡೈನಮಿಕ್ ಮೈಕ್ ಒಂದು, ಅಂಚಿಂದ ಒಂದು ಗೇಣು ದೂರ, ಓರೆಯಾಗಿ. ಕಂಡೆನ್ಸರ್ ಮೈಕ್ ಎರಡು ಮೀಟರ್ ಹಿಂದೆ, ಪ್ಯಾಡ್ (ದನಿ ತಗ್ಗಿಸೋ ಗುಂಡಿ) ಒತ್ತಿ. 24 ಬಿಟ್, ಗರಿಷ್ಠ ಪೆಟ್ಟು ಮೈನಸ್ 10 ಡಿಬಿ ದಾಟದಂಗೆ. ತಾಲೀಮಲ್ಲಿ ಮೆಲ್ಲಗೆ ಬಾರಿಸ್ತಾರೆ, ಕಾವೇರಿದ ಮೇಲೆ 6 ಡಿಬಿ ಏರ್ತದೆ. ಅಲ್ಲೇ ಎಲ್ಲರೂ ಕ್ಲಿಪ್ ಮಾಡ್ಕಳದು, ದನಿ ಒಡೀತದೆ. ಕಂಸಾಳೆ ಸೇರಿಸಿದ್ರೆ 96 ಕಿಲೋಹರ್ಟ್ಸ್‌ನಲ್ಲಿ ಹಿಡೀರಿ, ಒಂದು ಆಕ್ಟೇವ್ ಇಳಿಸಿದ್ರೂ ಕಂಚಿನ ಮಿಂಚು ಉಳೀತದೆ. ಆದ್ರೆ ಕಂಸಾಳೆ ಮಾದಪ್ಪನ ಗುಡ್ಡರ ದೀಕ್ಷೆಯ ವಸ್ತು. ಕ್ಲಬ್ಬಿಗೆ ಹಾಕ್ತೀವಿ ಅಂತ ಮೊದಲೇ ಹೇಳಿ ಕೇಳಿ, ಒಲ್ಲೆ ಅಂದ್ರೆ ಬಿಟ್ಬಿಡಿ.

ಕ್ಲಿಕ್ ಟ್ರ್ಯಾಕ್ ಕಿವಿಗೆ ತುರುಕಬೇಡಿ. ಬಡಿತ ಮುಂದಕ್ಕೆ ಓಡ್ತದೆ, ಅದು ಅದರ ಗುಣ. ಏಬಲ್ಟನ್ ಸಾಫ್ಟ್‌ವೇರ್‌ನಲ್ಲಿ ಬೀಟ್ಸ್ ಮೋಡ್ ಹಾಕಿ, ವಾರ್ಪ್ ಮಾರ್ಕರ್ (ಕಾಲ ಹೊಂದಿಸೋ ಗುರುತು) ಆವರ್ತದ ಮೊದಲ ಪೆಟ್ಟಿಗೆ ಮಾತ್ರ ಇಡಿ. ಪ್ರತಿ ಪೆಟ್ಟಿಗೂ ಇಟ್ಟು 128ಕ್ಕೆ ಎಳೆದ್ರೆ ದಪ್ಪ ಕೋಲಿಗೂ ತೆಳು ಕೋಲಿಗೂ ನಡುವೆ ಇರೋ ತೂಗು ಸತ್ತೋಯ್ತದೆ. ಬದಲಿಗೆ ತಮಟೆಯಿಂದ ಗ್ರೂವ್ (ಲಯದ ತೂಗು) ಎತ್ತಿ 909 ಹ್ಯಾಟ್‌ಗೆ ಹಾಕಿ. ಯಂತ್ರ ಬಡಿತಕ್ಕೆ ಬಗ್ಗಲಿ.

ಹೆಸರಿಡೋದು: ಬಾರಿಸ್ದೋರು, ಊರು, ತಿಂಗಳು-ವರ್ಷ, ಬಡಿತದ ಸಂದರ್ಭ, ಬಿಪಿಎಂ. ಇವು ಫೈಲ್ ಹೆಸರಲ್ಲೇ ಇರಲಿ, ಯಾಕಂದ್ರೆ ಜೊತೆಗೆ ಕೊಟ್ಟ ಓದೋಲೆ (ವಿವರದ ಫೈಲ್) ಮೊದಲ ಕಾಪಿಯಲ್ಲೇ ಕಳೆದೋಯ್ತದೆ. ಸಾವಿನ ಬಡಿತಾನ ಮೆರವಣಿಗೆ ಬಡಿತ ಅಂತ ಬರೀಬೇಡಿ. ಸಾವಿನ ಬಡಿತ ಮಾರಾಟಕ್ಕೆ ಬೇಡ ಅಂತ ಅವರು ಅಂದ್ರೆ ಪ್ಯಾಕ್‌ನಿಂದ ತೆಗೀರಿ.

ಕಾಯ್ದೆ_ಲೂಪ್

"ಹಕ್ಕುಮುಕ್ತ" ಅನ್ನೋ ಪದದ ಬಗ್ಗೆ. ಸಾಂಪ್ರದಾಯಿಕ ಬಡಿತದ ಮೇಲೆ ಯಾರಿಗೂ ಕೃತಿಸ್ವಾಮ್ಯ ಇಲ್ಲದಿರಬಹುದು. ಅದನ್ನು ಬಾರಿಸಿದವರಿಗೆ ಪ್ರದರ್ಶಕರ ಹಕ್ಕು ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 38ನೇ ಸೆಕ್ಷನ್, ಅವಧಿ 50 ವರ್ಷ. 2012ರ ತಿದ್ದುಪಡಿಯಲ್ಲಿ 38ಎ ಮತ್ತು 38ಬಿ ಸೇರಿದವು. 38ಬಿ ಪ್ರಕಾರ ತನ್ನ ಪ್ರದರ್ಶನಕ್ಕೆ ತನ್ನ ಹೆಸರು ಹೇಳಿಸಿಕೊಳ್ಳುವುದು ಕಲಾವಿದರ ಹಕ್ಕು. ಅಂದರೆ ಹೆಸರು ಹಾಕೋದನ್ನ ನಮ್ಮ ಔದಾರ್ಯ ಅಂತ ಯಾರೂ ಭಾವಿಸಬೇಕಾಗಿಲ್ಲ.

ಬಾಯಿಮಾತಿನ ಒಪ್ಪಿಗೆ ಸಾಲದು. 19ನೇ ಸೆಕ್ಷನ್ ಹಕ್ಕು ವರ್ಗಾವಣೆ ಬರಹದಲ್ಲೇ ಇರಬೇಕು ಅನ್ನುತ್ತೆ. ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಅಂತ ಲೆಕ್ಕ. ಆನ್‌ಲೈನಲ್ಲಿ ಹೊರದೇಶಕ್ಕೆ ಮಾರುವವರು ಇದನ್ನೇ ಮರೆಯೋದು. ಒಪ್ಪಂದ ಕನ್ನಡದಲ್ಲಿರಲಿ, ಒಂದೇ ಪುಟವಿರಲಿ, ಗಟ್ಟಿಯಾಗಿ ಓದಿ ಹೇಳಿ, ಒಂದು ಪ್ರತಿ ಅವರ ಕೈಯಲ್ಲಿರಲಿ. "ಈ ಲೂಪ್ ಕೊಂಡವರು ಸಿನಿಮಾಗೂ ಜಾಹೀರಾತಿಗೂ ಬಳಸಬಹುದು" ಅನ್ನೋದನ್ನ ಮುಚ್ಚಿಡದೆ ಬರೆಯಿರಿ. ಅದಕ್ಕೆ ಒಪ್ಪದಿದ್ದರೆ ಪ್ರತಿ ಬಳಕೆಗೂ ಅನುಮತಿ ಅನ್ನೋ ಷರತ್ತು ಹಾಕಿ.

ಹಣದ ಒಂದು ಮಾದರಿ ಲೆಕ್ಕ. ರೆಕಾರ್ಡಿಂಗ್ ದಿನದ ಸಂಭಾವನೆ ಬೇರೆ, ಅದನ್ನ ಪಾಲಿನಲ್ಲಿ ಕಳೆಯಬಾರದು. ಪ್ಯಾಕ್ ಬೆಲೆ 600 ರೂಪಾಯಿ, 40 ಮಾರಾಟವಾದರೆ 24,000. ಜಾಲತಾಣದ ಖರ್ಚು 2,000 ಕಳೆದರೆ 22,000. ಅರ್ಧ ವಾದಕರಿಗೆ, 11,000. ನಾಲ್ವರಿಗೆ ತಲಾ 2,750. ಮೂರು ತಿಂಗಳಿಗೊಮ್ಮೆ ಯುಪಿಐ, ಜೊತೆಗೆ ಮಾರಾಟದ ಪಟ್ಟಿ. ತಂಡದ ಯಜಮಾನರೊಬ್ಬರ ಖಾತೆಗೆ ಎಲ್ಲ ಹಾಕಿ ಕೈ ತೊಳೆದುಕೊಂಡರೆ ಒಳಗೇ ಜಗಳ ಶುರುವಾಗುತ್ತೆ. ಒಬ್ಬೊಬ್ಬರಿಗೂ ನೇರ ಹೋಗಲಿ.

ಹಳೇ_ಕ್ಯಾಸೆಟ್

ಈ ಲೆಕ್ಕ ಬರೆಯದಿದ್ದರೆ ಏನಾಗುತ್ತೆ ಅನ್ನೋದಕ್ಕೆ ಅಮೆನ್ ಬ್ರೇಕ್ ಅನ್ನೋ ಡ್ರಮ್ ತುಣುಕು ನೋಡಿ. 1969ರಲ್ಲಿ ದಿ ವಿನ್‌ಸ್ಟನ್ಸ್ ತಂಡದ ರೆಕಾರ್ಡಿನ ಹಿಂಬದಿಯಲ್ಲಿ ಡ್ರಮ್ಮರ್ ಗ್ರೆಗರಿ ಕೋಲ್ಮನ್ ನುಡಿಸಿದ 4 ಬಾರ್, ಸುಮಾರು 7 ಸೆಕೆಂಡ್. ಜಂಗಲ್, ಡ್ರಮ್ ಅಂಡ್ ಬೇಸ್ ಅನ್ನೋ ಎರಡೂ ಸಂಗೀತ ಪ್ರಕಾರ ಅದರ ಮೇಲೆ ನಿಂತಿವೆ. ಸಾವಿರಾರು ರೆಕಾರ್ಡುಗಳಲ್ಲಿ ಇದೆ. ಕೋಲ್ಮನ್‌ಗೆ ಒಂದು ಪೈಸೆ ಬರಲಿಲ್ಲ, 2006ರಲ್ಲಿ ಮನೆಯಿಲ್ಲದೆ ತೀರಿಕೊಂಡರು. 2015ರಲ್ಲಿ ಬ್ರಿಟನ್ನಿನ ಅಭಿಮಾನಿಗಳು ಚಂದಾ ಎತ್ತಿ ಸುಮಾರು 24,000 ಪೌಂಡನ್ನ ತಂಡದ ಮುಖ್ಯಸ್ಥ ರಿಚರ್ಡ್ ಸ್ಪೆನ್ಸರ್‌ಗೆ ಕೊಟ್ಟರು. ಡ್ರಮ್ ಬಾರಿಸಿದವನು ಆಗ ಬದುಕಿರಲಿಲ್ಲ.

ಹೌಸ್‌ನಲ್ಲೂ ಹಾಗೇ. ಷಿಕಾಗೊದ ಹೌಸ್ ಕಲಾವಿದರಾದ ಲ್ಯಾರಿ ಹರ್ಡ್ ಮತ್ತು ರಾಬರ್ಟ್ ಓವೆನ್ಸ್ 80ರ ದಶಕದ ತಮ್ಮ ಹಾಡುಗಳ ಹಕ್ಕಿಗಾಗಿ 2020ರಲ್ಲಿ ಕೋರ್ಟಿಗೆ ಹೋಗಬೇಕಾಯಿತು. 2022ರಲ್ಲಿ ರಾಜಿಯಾಗಿ ಹಕ್ಕು ಮರಳಿತು.

ಬೀಟ್_ಬೆಸಗರಹಳ್ಳಿ

ಪೋಸ್ಟರ್ ಬಗ್ಗೆಯೂ ಇಲ್ಲೇ ಮಾತಾಡಿಬಿಡೋಣ. ಆಫ್ರೊ ಹೌಸ್ ಸಂಜೆ ಅಂದಕೂಡಲೇ ಮುಖವಾಡ, ಸಿಂಹ, ಮೈಗೆ ಬಿಳಿ ಬಣ್ಣ ಬಳಿದ ಚಿತ್ರ ಹಾಕೋದು ನಿಲ್ಲಲಿ. ಆಫ್ರೊ ಹೌಸ್, ಅಮಪಿಯಾನೊ, ಗ್ಕೋಮ್ ಇವು ದಕ್ಷಿಣ ಆಫ್ರಿಕದ ಜೊಹಾನ್ಸ್‌ಬರ್ಗ್, ಪ್ರಿಟೋರಿಯ, ಡರ್ಬನ್‌ನಂಥ ನಗರಗಳ ಸಂಗೀತ, ಲ್ಯಾಪ್‌ಟಾಪಿನಲ್ಲಿ ಆಗೋದು. ಅಮಪಿಯಾನೊದ ಗುರುತಾದ ಲಾಗ್ ಡ್ರಮ್ ಕೂಡ ಎಫ್‌ಎಲ್ ಸ್ಟುಡಿಯೊ ಸಾಫ್ಟ್‌ವೇರಿನ ಡಿಎಕ್ಸ್10 ಪ್ಲಗಿನ್ನಿನದು, ಕಾಡಿನ ಮರದ್ದಲ್ಲ. ವೇಗ 110–115. ಪೋಸ್ಟರಿನಲ್ಲಿ ನಗರದ ಹೆಸರು, ಕಲಾವಿದರ ಹೆಸರು ಹಾಕಿ. ಹೆಸರು ಬದಲಿಸೋದರಿಂದ ಏನಾಗುತ್ತೆ ಅನ್ನೋರಿಗೆ: ಬ್ರಿಟನ್ನಿನ ಬಿಳಿಯ ನಿರ್ಮಾಪಕ ಡೇವ್ ಲೀ ಜೋಯಿ ನೀಗ್ರೊ ಅನ್ನೋ ಹೆಸರನ್ನ ದಶಕಗಳ ನಂತರ 2020ರಲ್ಲಿ ಕೈಬಿಟ್ಟರು. ಸಂಗೀತ ಎಲ್ಲೂ ಹೋಗಲಿಲ್ಲ.

ಇನ್ನೊಂದು, ಗೇಟಿನ ನಿಯಮ. ಮೈಸೂರಿನಲ್ಲಿ ಓದುವ ಆಫ್ರಿಕದ ವಿದ್ಯಾರ್ಥಿಗಳು ಬರ್ತಾರೆ. ಗುರುತಿನ ಚೀಟಿ ಕೇಳೋದಾದರೆ ಎಲ್ಲರಿಗೂ ಕೇಳಿ. ನಿಯಮವನ್ನ ಗೇಟಿನ ಮೇಲೆ ಬರೆದು ಅಂಟಿಸಿ, ಕಾವಲಿನವರಿಗೆ ಒಂದು ದಿನ ಮುಂಚೆ ಓದಿ ಹೇಳಿ.

ಮದ್ದೂರು_ಮಿಕ್ಸ್

ಆಫ್ರೊ ಸಂಜೆಗೆ ಯಲ್ಲಾಪುರ ಕಡೆಯಿಂದ ಆಫ್ರಿಕ ಮೂಲದ ಸಿದ್ದಿಗಳ ಡಮಾಮಿ (ಡೋಲು ಕುಣಿತದ) ತಂಡ ಕರೆಸೋ ಯೋಚನೆ ಇತ್ತಲ್ಲ, ಅದು?

ನಾಲೆ_ಏರಿ

ಕರೆಸಿ, ಆದ್ರೆ ಆಫ್ರೊ ಸಂಜೆಯ ಅಲಂಕಾರಕ್ಕೆ ಬೇಡ. ಅವರು ಶತಮಾನಗಳಿಂದ ಕರ್ನಾಟಕದೋರು, ಕನ್ನಡ, ಕೊಂಕಣಿ, ಮರಾಠಿ ಮಾತಾಡ್ತಾರೆ, ಉತ್ತರ ಕನ್ನಡದಲ್ಲಿ 2003ರಿಂದ ಪರಿಶಿಷ್ಟ ಪಂಗಡ. ಯಾರೋ ಡಿಜೆ ಮುಂದೆ ಐದು ನಿಮಿಷ ಕುಣಿಸಿ ಫೋಟೊ ತಗಳದು ಅವಮಾನ. ಅವರದೇ 40 ನಿಮಿಷ ಕೊಡಿ. ಸೌಂಡ್ ಚೆಕ್ ಅವರಿಗೆ ಮೊದಲು, ಯಾಕಂದ್ರೆ ಡಿಜೆಗೆ ಎರಡು ಕೇಬಲ್ ಸಾಕು, ಅವರಿಗೆ ಐದಾರು ಮೈಕ್ ಬೇಕು. ಕೊನೆಗಿಟ್ರೆ ಫೀಡ್‌ಬ್ಯಾಕ್ ಕೂಗ್ತಾ ಶುರುವಾಗ್ತದೆ, ದೂರು ಅವರ ಮೇಲೆ ಬರ್ತದೆ. ಮುಖ್ಯ ಡಿಜೆಗೆ ಎಷ್ಟೋ ತಂಡಕ್ಕೂ ಅಷ್ಟು, ಪ್ರಯಾಣ ಊಟ ಬೇರೆ, ಅರ್ಧ ಮುಂಗಡ.

ಕುಕ್ಕರಹಳ್ಳಿ_ಕಿಕ್

ಹೊಸ ಕರಡು, ಮೊದಲ ಪುಟದ ಆರಂಭ: "ಹೌಸ್ ಷಿಕಾಗೊದ ಕಪ್ಪು ಮತ್ತು ಲ್ಯಾಟಿನೊ ಜನರ, ಬಹುಪಾಲು ಸಲಿಂಗಿಗಳ, ಕ್ಲಬ್ಬುಗಳಲ್ಲಿ ಬೆಳೆಯಿತು. ಟೆಕ್ನೋ ಡೆಟ್ರಾಯಿಟ್‌ನ ಕಪ್ಪು ಯುವಕರು ಕಟ್ಟಿದ್ದು. ಜರ್ಮನಿಯ ಸಿಂತ್ ಸಂಗೀತ, ಅಮೆರಿಕದ ಡಿಸ್ಕೊ ಮತ್ತು ಫಂಕ್, ಜಪಾನಿನ ಯಂತ್ರಗಳು ಅವರ ಸಾಮಗ್ರಿ." ಎರಡನೇ ಪುಟದ ಆರಂಭ ನಾಲ್ವರು ವಾದಕರ ಹೆಸರು, ಊರು. "ಮಣ್ಣಿನ ಸೊಗಡು" ಹೋಯಿತು. "ಹಕ್ಕುಮುಕ್ತ" ಜಾಗದಲ್ಲಿ ಪರವಾನಗಿಯ ಮೂರು ಸಾಲು.

ಮದ್ದೂರು_ಮಿಕ್ಸ್

"ಸಾಮಗ್ರಿ" ಅನ್ನೋದು ಕ್ರಾಫ್ಟ್‌ವರ್ಕ್‌ಗೆ ಕಡಿಮೆ ಆಯ್ತು, ಅದನ್ನ ನಾನು ಒಪ್ಪಲ್ಲ. "ಅವರಿಗೆ ದಾರಿ ತೋರಿದವು" ಅಂತ ಮಾಡಿ. ಉಳಿದದ್ದಕ್ಕೆ ಒಪ್ಪಿಗೆ.

ಹಳೇ_ಕ್ಯಾಸೆಟ್

"ದಾರಿ ತೋರಿದವು" ಅಂದರೆ ಮತ್ತೆ ಅವರೇ ಗುರುಗಳು ಅಂತಾಗುತ್ತೆ. "ಅವರು ಕೇಳಿ ಕಲಿತದ್ದು" ಅಂತ ಬರೆಯಿರಿ, ಕಲಿತವರೂ ಕಾಣ್ತಾರೆ, ಕಲಿಸಿದವರೂ ಕಾಣ್ತಾರೆ.

ಮದ್ದೂರು_ಮಿಕ್ಸ್

ಆಗಬಹುದು ಸರ್.

ನಾಲೆ_ಏರಿ

ಹೆಸರುಗಳ ಕಾಗುಣಿತ ಅವರಿಂದಲೇ ಬರೆಸ್ಕೊಂಡು ಬತ್ತೀನಿ, ಅಲ್ಲೀವರ್ಗೂ ಎರಡನೇ ಪುಟ ಅಚ್ಚಿಗೆ ಕೊಡಬೇಡಿ. ಒಬ್ಬರು ಮನೆತನದ ಹೆಸರು ಸೇರಿಸಿ ಅಂದವ್ರೆ, ಇನ್ನೊಬ್ಬರು ಊರ ಹೆಸರು ಬೇಡ ಅಂದವ್ರೆ. ಇಬ್ಬರ ಮಾತೂ ಹಂಗೇ ಇರಲಿ.